ಹತ್ತು ಸಾಲಿನಲ್ಲಿ ಮೇಲ್ ಇಳಿಯುತ್ತದೆ, ಉಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಆಫೀಸಿನ ಇಮೇಲ್ ತಾನಾಗಿ ಕಂಪ್ಯೂಟರಿಗೆ ಇಳಿಯುತ್ತದೆ ಎಂದು ತಮ್ಮ ತಂತ್ರಜ್ಞಾನ ಪುಟದಲ್ಲಿ ಬರೆಯಲಾಗಿತ್ತು. ಆ ಸಾಲುಗಳು ತಪ್ಪೇನಲ್ಲ, ಅಚ್ಚಿನ ತಪ್ಪು ತಿದ್ದಿ ಟೈಪ್ ಮಾಡಿದರೆ ಓಡುತ್ತವೆ. ಆದರೆ ಮಂಗಳೂರು ಬಂದರಿನ ಅಡಿಕೆ ಮಂಡಿಯವರೋ ಮಲ್ಪೆಯ ಮೀನು ರಫ್ತಿನವರೋ ಅದನ್ನೇ ನಂಬಿ ಆರ್ಡರು, ಬಿಲ್ಲುಗಳ ಮೇಲ್ ಎಳೆಯಲು ಹೊರಟರೆ ನಡುನಡುವೆ ಕೆಲವು ಮೇಲ್ ಕೈತಪ್ಪುತ್ತವೆ, ಅದೂ ಯಾವ ಎರರ್ ತೋರಿಸದೆ. ಪ್ರೋಗ್ರಾಂ ನಿಂತುಹೋದರೆ ಯಾರಾದರೂ ನೋಡುತ್ತಾರೆ. ಹಸಿರು ದೀಪ ಉರಿಯುತ್ತಲೇ ಮೇಲ್ ಬಿಟ್ಟುಹೋದರೆ ಪಾರ್ಟಿ ಫೋನ್ ಮಾಡಿ ಬೈಯುವವರೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಈ ಪತ್ರ.

ಐಮ್ಯಾಪ್ ಎಂದರೆ ಸರ್ವರ್‌ನಲ್ಲಿರುವ ಮೇಲ್ ನೋಡುವ, ತರಿಸುವ ನಿಯಮಾವಳಿ. ಲೇಖನದ ಕೋಡ್ ಮಾಡುವುದು ಇಷ್ಟು: ಐಮ್ಯಾಪ್‌ಲಿಬ್ ಎಂಬ ಲೈಬ್ರರಿಯಿಂದ ಸರ್ವರ್‌ಗೆ 993ನೇ ಪೋರ್ಟ್‌ನಲ್ಲಿ ಸಂಪರ್ಕ, ಲಾಗಿನ್, ಇನ್‌ಬಾಕ್ಸ್ ಆಯ್ಕೆ, ‘ಅನ್‌ಸೀನ್’ ಎಂದು ಹುಡುಕಾಟ, ಸಿಕ್ಕಿದ್ದನ್ನು ‘ಆರ್‌ಎಫ್‌ಸಿ822’ (ಪೂರ್ತಿ ಮೇಲ್) ಎಂದು ಫೆಚ್, ಅಂದರೆ ತರಿಸುವುದು. ಅನ್‌ಸೀನ್ ಎಂದರೆ ಓದದ ಮೇಲ್. ನಮ್ಮ ಕಡೆಯ ಅಂಗಡಿಗಳಲ್ಲಿ ಒಂದೇ ಮೇಲ್ ವಿಳಾಸ ಧಣಿಗಳ ಫೋನಿನಲ್ಲೂ ಇರುತ್ತದೆ, ರೈಟರ ಕಂಪ್ಯೂಟರಿನಲ್ಲೂ ಇರುತ್ತದೆ. ಬೆಳಿಗ್ಗೆ ಧಣಿಗಳು ಚಾ ಕುಡಿಯುತ್ತಾ ಫೋನಿನಲ್ಲಿ ಮೇಲ್ ತೆರೆದರೆಂದರೆ ಸರ್ವರ್‌ನಲ್ಲಿ ಅದರ ಮೇಲೆ ‘ಸೀನ್’ ಗುರುತು ಬಿತ್ತು. ಹತ್ತು ನಿಮಿಷ ಬಿಟ್ಟು ಓಡುವ ಪ್ರೋಗ್ರಾಂಗೆ ಆ ಮೇಲ್ ಇಲ್ಲವೇ ಇಲ್ಲ. ಇದರ ತಿರುವುಮುರುವು ಇನ್ನೂ ಕೆಟ್ಟದ್ದು. ಆರ್‌ಎಫ್‌ಸಿ822 ಎಂದು ಫೆಚ್ ಮಾಡಿದ ಕೂಡಲೇ ಸರ್ವರ್ ತಾನೇ ಸೀನ್ ಗುರುತು ಹಾಕುತ್ತದೆ. ಆ ಕ್ಷಣದಲ್ಲಿ ಕರೆಂಟ್ ಹೋಯಿತು ಅಥವಾ ಡಿಸ್ಕ್ ತುಂಬಿತು ಎಂದಿಟ್ಟುಕೊಳ್ಳಿ. ಮೇಲ್ ಫೈಲಾಗಿ ಉಳಿಯಲಿಲ್ಲ, ಸರ್ವರ್‌ನಲ್ಲಿ ಓದಿದ್ದೆಂದು ದಾಖಲಾಯಿತು. ಮುಂದಿನ ಹುಡುಕಾಟದಲ್ಲಿ ಅದು ಬರುವುದಿಲ್ಲ, ಧಣಿಗಳ ಫೋನಿನಲ್ಲೂ ದಪ್ಪಕ್ಷರದಲ್ಲಿ ಕಾಣುವುದಿಲ್ಲ.

ಈ ಗುರುತು ಬೀಳದಿರಲು ಎರಡೇ ಬದಲಾವಣೆ ಸಾಕು. ಫೋಲ್ಡರ್ ಆಯ್ಕೆ ಮಾಡುವಾಗ ‘ರೀಡ್‌ಓನ್ಲಿ’ಯನ್ನು ಟ್ರೂ ಎಂದು ಕೊಡಿ; ಫೆಚ್‌ನಲ್ಲಿ ಆರ್‌ಎಫ್‌ಸಿ822ರ ಬದಲು ‘ಬಾಡಿ.ಪೀಕ್’ ಎಂದು ಬರೆದು ಪಕ್ಕದಲ್ಲಿ ಖಾಲಿ ಚೌಕ ಆವರಣ ಹಾಕಿ. ಪೀಕ್ ಎಂದರೆ ಇಣುಕುವುದು. ಇಣುಕಿದರೆ ಗುರುತು ಬೀಳುವುದಿಲ್ಲ. ಓದಿದ್ದು, ಓದದ್ದು ಎಂಬುದು ಮನುಷ್ಯರ ಲೆಕ್ಕ. ಪ್ರೋಗ್ರಾಂಗೆ ಅದರದ್ದೇ ಬೇರೆ ಲೆಕ್ಕ ಬೇಕು.

ಆ ಲೆಕ್ಕದ ಹೆಸರು ಯುಐಡಿ. ಐಮ್ಯಾಪ್‌ನಲ್ಲಿ ಪ್ರತಿ ಮೇಲ್‌ಗೆ ಎರಡು ಸಂಖ್ಯೆಗಳಿವೆ. ಒಂದು ಸರದಿ ಸಂಖ್ಯೆ: ಬಸ್ಸಿನ ಕ್ಯೂ ಇದ್ದ ಹಾಗೆ, ಮುಂದಿನವರು ಯಾರಾದರೂ ಹೊರಟುಹೋದರೆ ಹಿಂದಿನವರೆಲ್ಲರ ಸಂಖ್ಯೆ ಒಂದೊಂದು ಕಡಿಮೆ. ಲೈಬ್ರರಿಯ ಸಾದಾ ಸರ್ಚ್, ಸಾದಾ ಫೆಚ್ ಎರಡೂ ಈ ಸಂಖ್ಯೆಯನ್ನೇ ಬಳಸುತ್ತವೆ. ಇವತ್ತು 120 ಎಂದು ಬರೆದಿಟ್ಟುಕೊಂಡದ್ದು ನಾಳೆ ಬೇರೆ ಮೇಲ್ ಆಗಿರಬಹುದು. ಯುಐಡಿ ಹಾಗಲ್ಲ, ಆ ಫೋಲ್ಡರ್‌ನಲ್ಲಿ ಒಮ್ಮೆ ಕೊಟ್ಟ ಸಂಖ್ಯೆ ಬದಲಾಗುವುದಿಲ್ಲ, ಹೊಸ ಮೇಲ್‌ಗೆ ಯಾವಾಗಲೂ ದೊಡ್ಡ ಸಂಖ್ಯೆ. ಹಾಗಾಗಿ ಹುಡುಕುವುದೂ ತರುವುದೂ ‘ಯುಐಡಿ’ ಎಂಬ ಮೆಥಡ್ ಮೂಲಕವೇ ಆಗಲಿ, ಕೊನೆಯದಾಗಿ ಇಳಿಸಿದ ಯುಐಡಿಯನ್ನು ಬರೆದಿಟ್ಟುಕೊಂಡು ಮುಂದಿನ ಸಲ ಅದಕ್ಕಿಂತ ಒಂದು ಹೆಚ್ಚಿನದರಿಂದ ನಕ್ಷತ್ರ ಚಿಹ್ನೆಯವರೆಗೆ ಕೇಳಿ. ಉದಾಹರಣೆಗೆ 4512 ಇಳಿದಿದ್ದರೆ 4513ರಿಂದ ನಕ್ಷತ್ರದವರೆಗೆ.

ಇಲ್ಲೊಂದು ಗುಂಡಿ ಇದೆ, ಬೀಳದವರು ಕಡಿಮೆ. ನಕ್ಷತ್ರ ಎಂದರೆ ‘ಈಗಿರುವ ಅತಿ ದೊಡ್ಡ ಯುಐಡಿ’. ಹೊಸ ಮೇಲ್ ಒಂದೂ ಇಲ್ಲದಿದ್ದರೆ ಅದು 4512 ಆಗಿರುತ್ತದೆ. 4513ರಿಂದ 4512 ಎಂಬ ವ್ಯಾಪ್ತಿಯನ್ನು ಸರ್ವರ್ ತಿರುಗಿಸಿ ಓದಿಕೊಂಡು 4512ನ್ನೇ ಮತ್ತೆ ಕೊಡುತ್ತದೆ. ನಿಯಮವೇ ಹಾಗೆ, ಸರ್ವರ್‌ನ ದೋಷವಲ್ಲ. ಬಂದ ಪಟ್ಟಿಯಲ್ಲಿ ಹಳೆಯ ಯುಐಡಿಗಿಂತ ದೊಡ್ಡದನ್ನು ಮಾತ್ರ ಇಟ್ಟುಕೊಳ್ಳುವ ಒಂದು ಸಾಲು ಸೇರಿಸದಿದ್ದರೆ ಕೊನೆಯ ಬಿಲ್ಲು ಹತ್ತು ನಿಮಿಷಕ್ಕೊಮ್ಮೆ ಮರಳಿ ಎಂಟ್ರಿಯಾಗುತ್ತಲೇ ಇರುತ್ತದೆ. ಜೊತೆಗೆ ‘ಯುಐಡಿ ವ್ಯಾಲಿಡಿಟಿ’ ಎಂಬ ಇನ್ನೊಂದು ಸಂಖ್ಯೆಯನ್ನೂ ಬರೆದಿಡಬೇಕು. ಫೋಲ್ಡರನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ, ಅಥವಾ ಹೋಸ್ಟಿಂಗ್ ಕಂಪನಿ ಬದಲಿಸಿ ಮೇಲ್‌ಗಳನ್ನೆಲ್ಲ ಸಾಗಿಸಿದರೆ ಇದು ಬದಲಾಗುತ್ತದೆ. ಬದಲಾಯಿತೆಂದರೆ ಹಳೆಯ ಯುಐಡಿಗಳೆಲ್ಲ ರದ್ದಿ. ಮೊದಲಿಂದ ಪಟ್ಟಿ ಮಾಡಿ, ಆಗಲೇ ಇಳಿದಿರುವುದನ್ನು ಮೆಸೇಜ್ ಐಡಿ ನೋಡಿ ಬಿಡಬೇಕು.

ಇಳಿಸುವ ಕ್ರಮದ ಬಗ್ಗೆಯೂ ಹೇಳಬೇಕು. ಮೇಲ್ ಬಂದ ಕೂಡಲೇ ಬಿಡಿಸಿ ಓದಲು ಹೋಗಬೇಡಿ. ಮೊದಲು ಕಚ್ಚಾ ಬೈಟ್‌ಗಳನ್ನು ಹಾಗೆಯೇ ಒಂದು ತಾತ್ಕಾಲಿಕ ಫೈಲಿಗೆ ಬರೆಯಿರಿ, ಬರೆದಾದ ಮೇಲೆ ‘.ಇಎಂಎಲ್’ ಎಂದು ಮುಗಿಯುವ ಹೆಸರಿಗೆ ಬದಲಿಸಿ, ಆಮೇಲೆ ಯುಐಡಿಯನ್ನು ಡೇಟಾಬೇಸ್‌ನಲ್ಲಿ ಗುರುತು ಮಾಡಿ. ಬಿಡಿಸುವ ಕೆಲಸ ಬೇರೆಯೇ ಪ್ರೋಗ್ರಾಂಗೆ ಇರಲಿ. ವಿಚಿತ್ರವಾಗಿ ಕಟ್ಟಿದ ಒಂದು ಮೇಲ್ ಬಂದು ಬಿಡಿಸುವಾಗ ಎರರ್ ಆದರೆ ಅದರ ಹಿಂದಿನ ನಲವತ್ತು ಮೇಲ್ ಬಾಗಿಲಲ್ಲೇ ನಿಲ್ಲಬಾರದು. ಇನ್ನೊಂದು: ಪಟ್ಟಿ ಮಾಡಿದ ಮೇಲೆ, ತರುವ ಮೊದಲು ಯಾರಾದರೂ ಮೇಲ್ ಡಿಲೀಟ್ ಮಾಡಿದರೆ ಸರ್ವರ್ ‘ಓಕೆ’ ಎಂದೇ ಉತ್ತರಿಸುತ್ತದೆ, ಆದರೆ ಐಮ್ಯಾಪ್‌ಲಿಬ್‌ನ ಪಟ್ಟಿಯಲ್ಲಿ ‘ನನ್’ (None, ಏನೂ ಇಲ್ಲ) ಎಂದಿರುತ್ತದೆ. ಲೇಖನದ ಕೋಡ್ ನೇರವಾಗಿ ಪಟ್ಟಿಯ [0][1]ಕ್ಕೆ, ಅಂದರೆ ಮೊದಲ ತುಂಡಿನೊಳಗಿನ ಎರಡನೆಯದ್ದಕ್ಕೆ, ಕೈ ಹಾಕುವುದರಿಂದ ಅಲ್ಲೇ ಮುಗ್ಗರಿಸುತ್ತದೆ.

ಲಾಗಿನ್ ವಿಷಯ. ಜಿಮೇಲ್‌ನ ಮಾಮೂಲು ಪಾಸ್‌ವರ್ಡ್ ಕೊಟ್ಟರೆ ಈಗ ಒಳಗೆ ಬಿಡುವುದಿಲ್ಲ. ವೈಯಕ್ತಿಕ ಖಾತೆಗಳಿಗೆ ಆ ದಾರಿ 2022ರ ಮೇ 30ಕ್ಕೇ ಮುಚ್ಚಿತು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಧಣಿಗಳು ಯಾವತ್ತಾದರೂ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ. ‘ನಿನ್ನೆವರೆಗೆ ಸರಿಯಿತ್ತು’ ಎಂಬ ಫೋನ್ ಬಂದರೆ ಮೊದಲು ಇದನ್ನು ಕೇಳಿ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ನವರು 2022ರ ಅಕ್ಟೋಬರ್‌ನಿಂದ ಬರೀ ಪಾಸ್‌ವರ್ಡ್‌ನ ಐಮ್ಯಾಪ್ ಲಾಗಿನ್ ನಿಲ್ಲಿಸುತ್ತಾ ಬಂದರು, ಅಲ್ಲಿ ಓಆತ್ ಟೋಕನ್ (ಪಾಸ್‌ವರ್ಡ್ ಬದಲು ತೋರಿಸುವ ಅನುಮತಿ ಚೀಟಿ) ಬೇಕೇ ಬೇಕು. ಓಆತ್‌ನಲ್ಲಿ ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಟೋಕನ್ ಸೇರಿದ ಸಾಲನ್ನು ಬೇಸ್64 (ಬೈಟ್‌ಗಳನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ವಿಧಾನ) ಮಾಡಿ ಕಳಿಸಬೇಕು ಎಂದು ಓದಿ ತಾವೇ ಮಾಡಿಬಿಡುತ್ತಾರೆ. ಐಮ್ಯಾಪ್‌ಲಿಬ್‌ನ ಅಥೆಂಟಿಕೇಟ್ ಮೆಥಡ್ ತಾನೂ ಇನ್ನೊಮ್ಮೆ ಮಾಡುತ್ತದೆ, ಸರ್ವರ್‌ಗೆ ಏನೂ ಅರ್ಥವಾಗುವುದಿಲ್ಲ. ಎರಡನೆಯದು, ಗೂಗಲ್ ಕನ್ಸೋಲ್‌ನಲ್ಲಿ ಆ್ಯಪನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಬಿಟ್ಟರೆ ರಿಫ್ರೆಶ್ ಟೋಕನ್‌ಗೆ ಏಳೇ ದಿನ ಆಯಸ್ಸು. ಸೋಮವಾರ ಹಾಕಿದ್ದು ಮುಂದಿನ ಸೋಮವಾರ ಸಾಯುತ್ತದೆ.

ಲೇಖನ ಮುಟ್ಟದೆ ಬಿಟ್ಟ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಗಂಭೀರವೆನಿಸಿತು. ಐಮ್ಯಾಪ್‌ಲಿಬ್‌ನಲ್ಲಿ ಎಸ್‌ಎಸ್‌ಎಲ್ ಇರುವ ಕ್ಲಾಸ್ ಬಳಸಿದರೆ ಸಂಪರ್ಕ ಗೂಢಲಿಪಿಯಲ್ಲಿರುತ್ತದೆ, ನಿಜ. ಆದರೆ ಎಸ್‌ಎಸ್‌ಎಲ್ ಕಾಂಟೆಕ್ಸ್ಟ್ ಎಂಬ ಆರ್ಗ್ಯುಮೆಂಟ್ ಕೊಡದಿದ್ದರೆ ಅದು ಸರ್ವರ್‌ನ ಸರ್ಟಿಫಿಕೇಟ್ ಅಸಲಿಯೋ, ಹೆಸರು ಹೊಂದುತ್ತದೋ ಎಂದು ನೋಡುವುದೇ ಇಲ್ಲ. ಲಾಡ್ಜಿನ ವೈಫೈನಲ್ಲಿ ಯಾರೋ ನಡುವೆ ಕುಳಿತು ತಾನೇ ಮೇಲ್ ಸರ್ವರ್ ಎಂದರೂ ಪಾಸ್‌ವರ್ಡ್ ಕೊಟ್ಟುಬಿಡುತ್ತದೆ. ಎಸ್‌ಎಸ್‌ಎಲ್ ಮಾಡ್ಯೂಲ್‌ನ ‘ಕ್ರಿಯೇಟ್ ಡೀಫಾಲ್ಟ್ ಕಾಂಟೆಕ್ಸ್ಟ್’ ಫಂಕ್ಷನ್ ಕರೆದು ಅದರ ಫಲವನ್ನು ಕೊಟ್ಟರೆ ಪರಿಶೀಲನೆ ನಡೆಯುತ್ತದೆ. ಅದೇ ಸಾಲಿನಲ್ಲಿ ಟೈಮ್‌ಔಟ್ ಕೂಡ 30 ಸೆಕೆಂಡು ಎಂದು ಕೊಡಿ, ಪೈಥಾನ್ 3.9ರಿಂದ ಆ ಸೌಲಭ್ಯ ಇದೆ. ಮಳೆಗಾಲದಲ್ಲಿ ನೆಟ್ ಅರ್ಧದಲ್ಲಿ ಹೋದರೆ ಟೈಮ್‌ಔಟ್ ಇಲ್ಲದ ಪ್ರೋಗ್ರಾಂ ಬಾರದ ಉತ್ತರಕ್ಕೆ ಕಾಯುತ್ತಾ ಕುಳಿತುಬಿಡುತ್ತದೆ.

ಈಗ ಕನ್ನಡದ ಮಾತು. ಇಂಗ್ಲಿಷ್‌ನ ಪಾಠಗಳಲ್ಲಿ ಇದು ಇರುವುದಿಲ್ಲ, ಕನ್ನಡ ಪತ್ರಿಕೆಯಲ್ಲಾದರೂ ಬರಬೇಕಿತ್ತು.

ಮೇಲ್‌ನ ವಿಷಯದ ಸಾಲಿನಲ್ಲಿ ಹಳೆಯ ನಿಯಮದಂತೆ ಬರೀ ಇಂಗ್ಲಿಷ್ ಅಕ್ಷರಗಳೇ ಓಡಾಡುತ್ತವೆ. ಕನ್ನಡವನ್ನು ಬೇಸ್64ಗೆ ಬದಲಿಸಿ, ಹಿಂದೆಮುಂದೆ ಪ್ರಶ್ನಾರ್ಥಕ ಚಿಹ್ನೆಗಳ ಹೊದಿಕೆ ಹಾಕಿ ಕಳಿಸುತ್ತಾರೆ. ಅಂಥ ಒಂದೊಂದು ಪೊಟ್ಟಣ 75 ಚಿಹ್ನೆ ಮೀರಬಾರದು. ಹೊದಿಕೆಗೇ 12 ಹೋಗುತ್ತದೆ. ಉಳಿದ 63ರಲ್ಲಿ ನಾಲ್ಕರ ಗುಣಕವಾಗಿ 60 ಬಳಸಬಹುದು, ಅದರಲ್ಲಿ ಹಿಡಿಯುವುದು 45 ಬೈಟ್. ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನ, ಸ್ವರ, ಗುಣಿತ ಚಿಹ್ನೆ, ಅನುಸ್ವಾರಕ್ಕೆ ಮೂರು ಮೂರು ಬೈಟ್. ‘ಮಂಗಳೂರು ಅಡಿಕೆ ಧಾರಣೆ’ ಎಂಬ ವಿಷಯವನ್ನು ಎಣಿಸಿ: ಮಂಗಳೂರು ಎಂಬಲ್ಲಿ ಏಳು ಚಿಹ್ನೆ, 21 ಬೈಟ್, ಖಾಲಿ ಜಾಗ ಒಂದು, ಅಡಿಕೆ 15, ಮತ್ತೊಂದು ಖಾಲಿ ಜಾಗ, ಒಟ್ಟು 38. ಧಾರಣೆಯ ‘ಧಾ’ ಆರು ಬೈಟ್, 44ಕ್ಕೆ ಬಂತು. ಇನ್ನುಳಿದದ್ದು ಒಂದೇ ಬೈಟ್ ಜಾಗ, ‘ರ’ಕ್ಕೆ ಬೇಕಾದದ್ದು ಮೂರು. ಅಕ್ಷರದ ನಡುವೆ ಕಡಿಯಬಾರದೆಂದು ನಿಯಮವಿದೆ. ಆದರೂ ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು 45ಕ್ಕೆ ಕಡಿದು ‘ರ’ದ ಒಂದು ಚೂರನ್ನು ಮೊದಲ ಪೊಟ್ಟಣಕ್ಕೂ ಎರಡನ್ನು ಮುಂದಿನದಕ್ಕೂ ತುಂಬುತ್ತವೆ. ಒಂದೊಂದು ಪೊಟ್ಟಣವನ್ನು ಬೇರೆಬೇರೆ ಬಿಚ್ಚುವ ಕೋಡ್‌ನಲ್ಲಿ ‘ಧಾ’ ಆದ ಮೇಲೆ ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆಗಳು ಕಾಣಿಸುವುದು ಇದರಿಂದ. ಪೈಥಾನ್‌ನ ‘ಡಿಕೋಡ್ ಹೆಡರ್’ ಪಕ್ಕಪಕ್ಕದ ಪೊಟ್ಟಣಗಳ ಬೈಟ್‌ಗಳನ್ನು ಮೊದಲು ಜೋಡಿಸಿ ಕೊಡುತ್ತದೆ, ಪೊಟ್ಟಣಗಳ ನಡುವಿನ ಖಾಲಿ ಜಾಗವನ್ನೂ ತೆಗೆಯುತ್ತದೆ. ಆ ಜಾಗ ಉಳಿದರೆ ಒತ್ತಕ್ಷರ ಒಡೆಯುತ್ತದೆ, ‘ಪ್ರ’ ಹೋಗಿ ‘ಪ್’ ಒಂದು ಕಡೆ, ‘ರ’ ಇನ್ನೊಂದು ಕಡೆ.

ಆದರೆ ಲೇಖನದ ಕೋಡ್ ಡಿಕೋಡ್ ಹೆಡರ್ ಕರೆದೂ ಎಡವಿದೆ. ಅದು ಕೊಡುವ ಪಟ್ಟಿಯ ಮೊದಲ ತುಂಡನ್ನಷ್ಟೇ ತೆಗೆದುಕೊಂಡಿದೆ. ಯಾರಾದರೂ ರಿಪ್ಲೈ ಮಾಡಿದಾಗ ವಿಷಯದ ಮುಂದೆ ಇಂಗ್ಲಿಷ್‌ನಲ್ಲಿ ‘ರೀ:’ ಸೇರುತ್ತದೆಯಲ್ಲ, ಎಷ್ಟೋ ಸಲ ಅದು ಒಂದು ತುಂಡು, ಕನ್ನಡದ್ದು ಇನ್ನೊಂದು. ಫಲ, ಅಂಥ ರಿಪ್ಲೈ ಮೇಲ್‌ಗಳ ವಿಷಯ ಬರೀ ‘ರೀ:’. ‘ಮೇಕ್ ಹೆಡರ್’ಗೆ ಪೂರ್ತಿ ಪಟ್ಟಿ ಕೊಟ್ಟು ಅದನ್ನು ಸ್ಟ್ರಿಂಗ್ ಮಾಡಿ, ಮುಗಿಯಿತು.

ಒಳಗಿನ ಬರಹಕ್ಕೂ ಇದೇ ಎಚ್ಚರ. ಮೇಲ್‌ನಲ್ಲಿ ಹಲವು ಭಾಗಗಳಿದ್ದರೆ ‘ಗೆಟ್ ಪೇಲೋಡ್’ಗೆ ಡಿಕೋಡ್ ಮಾಡು ಎಂದರೆ ಸಿಗುವುದು ‘ನನ್’. ‘ವಾಕ್’ ಮೆಥಡ್‌ನಿಂದ ಒಂದೊಂದೇ ಭಾಗಕ್ಕೆ ಇಳಿಯಬೇಕು, ಆ ಭಾಗ ಹೇಳುವ ಕ್ಯಾರೆಕ್ಟರ್ ಸೆಟ್ ಕೇಳಿಯೇ ಬೈಟ್‌ಗಳನ್ನು ಬಿಡಿಸಬೇಕು. ಇಷ್ಟೆಲ್ಲ ಮಾಡಿಯೂ ಹಳೆಯ ಮೇಲ್‌ಗಳಲ್ಲಿ ಕೊಂಬು, ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ಅದು ಲೈಬ್ರರಿಯ ತಪ್ಪಲ್ಲ. ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಅದು. ಬೈಟ್‌ಗಳು ಸರಿಯಾಗಿಯೇ ಇವೆ, ಕನ್ನಡವೆಂಬುದು ಫಾಂಟ್‌ನಲ್ಲಿತ್ತು. ಪ್ರತ್ಯೇಕ ಕನ್ವರ್ಟರ್‌ನಿಂದಲೇ ಯೂನಿಕೋಡ್‌ಗೆ ತರಬೇಕು.

ಹುಡುಕಾಟದಲ್ಲಿ ಕನ್ನಡ ಪದ ಕೊಟ್ಟರೆ ಐಮ್ಯಾಪ್‌ಲಿಬ್ ಸರ್ವರ್‌ವರೆಗೂ ಹೋಗದೆ ಎನ್‌ಕೋಡ್ ಎರರ್ ಕೊಟ್ಟು ನಿಲ್ಲುತ್ತದೆ, ಏಕೆಂದರೆ ಅದು ಕಮಾಂಡುಗಳನ್ನು ಆಸ್ಕಿಯಲ್ಲೇ, ಅಂದರೆ ಬರೀ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ, ಕಟ್ಟುತ್ತದೆ. ಪದವನ್ನು ಯುಟಿಎಫ್-8 ಬೈಟ್ ಮಾಡಿ ಆಬ್ಜೆಕ್ಟ್‌ನ ‘ಲಿಟರಲ್’ ಎಂಬ ಜಾಗದಲ್ಲಿಟ್ಟು, ಸರ್ಚ್‌ಗೆ ಮೊದಲ ಆರ್ಗ್ಯುಮೆಂಟ್ ಯುಟಿಎಫ್-8, ಎರಡನೆಯದು ‘ಸಬ್ಜೆಕ್ಟ್’ ಎಂದು ಕೊಟ್ಟರೆ ಕೆಲಸವಾಗುತ್ತದೆ. ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೆ ಪಟ್ಟಿಯಲ್ಲಿ ‘ಆಂಪರ್ಸ್ಯಾಂಡ್’ನಿಂದ ಶುರುವಾಗುವ ಅಡ್ಡಾದಿಡ್ಡಿ ಅಕ್ಷರ ಕಾಣುತ್ತದೆ, ಅದು ತಿದ್ದಿದ ಯುಟಿಎಫ್-7. ಜಿಮೇಲ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದವರಿಗೆ ‘ಸೆಂಟ್ ಮೇಲ್’, ‘ಆಲ್ ಮೇಲ್’ ಫೋಲ್ಡರ್‌ಗಳ ಹೆಸರೂ ಬದಲಾಗುತ್ತದೆ, ಇಂಗ್ಲಿಷ್ ಹೆಸರು ಬರೆದ ಕೋಡ್ ಅಲ್ಲಿ ಸೋಲುತ್ತದೆ. ಹೆಸರು ನೋಡಬೇಡಿ, ಲಿಸ್ಟ್ ಉತ್ತರದಲ್ಲಿ ಪ್ರತಿ ಫೋಲ್ಡರ್ ಪಕ್ಕ ಇರುವ ‘ಸೆಂಟ್’, ‘ಆಲ್’ ಎಂಬ ಗುರುತು ನೋಡಿ. ಅದು ಭಾಷೆಗೆ ತಕ್ಕಂತೆ ಬದಲಾಗುವುದಿಲ್ಲ.

ಈ ಯುಟಿಎಫ್-7, ಯುಐಡಿ, ಸರ್ಟಿಫಿಕೇಟ್ ಗೋಜೆಲ್ಲ ಬೇಡವೆಂದರೆ ‘ಐಮ್ಯಾಪ್ ಕ್ಲೈಂಟ್’ ಎಂಬ ಪ್ರತ್ಯೇಕ ಲೈಬ್ರರಿ ಹಾಕಿಕೊಳ್ಳಿ. ಅದು ಮೊದಲಿಂದಲೇ ಯುಐಡಿಯಲ್ಲೇ ಮಾತಾಡುತ್ತದೆ, ಫೋಲ್ಡರ್ ಹೆಸರನ್ನು ಬಿಡಿಸಿ ಕೊಡುತ್ತದೆ, ಸರ್ಟಿಫಿಕೇಟ್ ಪರೀಕ್ಷಿಸುತ್ತದೆ. ಹೊಸಬರಿಗೆ ಐಮ್ಯಾಪ್‌ಲಿಬ್ ಕಲಿಸುವುದು ಈಜು ಬಾರದವರನ್ನು ಅಳಿವೆಬಾಗಿಲಲ್ಲಿ ಇಳಿಸಿದಂತೆ, ನನ್ನ ಅಭಿಪ್ರಾಯದಲ್ಲಿ.

ದಿನಾಂಕದಿಂದ ಹುಡುಕುವವರು ಗಮನಿಸಬೇಕಾದದ್ದು: ‘ಸಿನ್ಸ್’ ಎಂಬುದು ಗಂಟೆಯನ್ನೂ ಟೈಮ್ ಝೋನನ್ನೂ ನೋಡುವುದಿಲ್ಲ, ದಿನಾಂಕ ಮಾತ್ರ. ಸರ್ವರ್ ಯುಟಿಸಿಯಲ್ಲಿದ್ದರೆ ನಮ್ಮ 2ನೇ ತಾರೀಕಿನ ಬೆಳಗಿನ ಜಾವ ಮೂರಕ್ಕೆ ಬಂದ ಮೇಲ್ ಅಲ್ಲಿ 1ನೇ ತಾರೀಕಿನ ರಾತ್ರಿ ಒಂಬತ್ತೂವರೆಯದು. 2ರಿಂದ ಎಂದು ಕೇಳಿದರೆ ಸಿಗದು. ಒಂದು ದಿನ ಹಿಂದಿನಿಂದ ಕೇಳಿ, ಇಳಿದಿರುವುದನ್ನು ಯುಐಡಿ ನೋಡಿ ಬಿಡಿ. ತಿಂಗಳ ಹೆಸರು ಇಂಗ್ಲಿಷ್‌ನ ಮೂರಕ್ಷರದಲ್ಲೇ ಇರಬೇಕು; ಪ್ರೋಗ್ರಾಂನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಕನ್ನಡವಾಗಿದ್ದರೆ ‘ಜನವರಿ’ ಕನ್ನಡದಲ್ಲೇ ಹೋಗಲು ನೋಡಿ ಮೇಲಿನ ಎನ್‌ಕೋಡ್ ಎರರ್ ಬರುತ್ತದೆ.

ಅಟ್ಯಾಚ್‌ಮೆಂಟ್ ಬೇಸ್64ರಲ್ಲಿ ಬರುವುದರಿಂದ ಸಾಲು ಮುರಿತವೂ ಸೇರಿ ಗಾತ್ರ ಸುಮಾರು 37 ಶೇಕಡಾ ಹೆಚ್ಚುತ್ತದೆ. 18 ಎಂಬಿ ಫೈಲು ಮೇಲ್‌ನಲ್ಲಿ 25 ಎಂಬಿಯ ಹತ್ತಿರ. ಜಿಮೇಲ್ ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿ ಮಾತ್ರ ಇಳಿಸಲು ಬಿಡುತ್ತದೆ, ಒಂದು ಖಾತೆಗೆ ಏಕಕಾಲಕ್ಕೆ 15 ಸಂಪರ್ಕ. ಹಳೆಯದೆಲ್ಲ ಒಂದೇ ದಿನ ಇಳಿಸಲು ಹೋಗಿ ಖಾತೆ ತಾತ್ಕಾಲಿಕವಾಗಿ ನಿಂತರೆ ಫೋನಿಗೂ ಮೇಲ್ ಬಾರದಿರಬಹುದು. ಮೊದಲು ಗಾತ್ರ ಮಾತ್ರ ಕೇಳಿ, ಐವತ್ತೈವತ್ತರಂತೆ ತನ್ನಿ. ಕಳಿಸಿದವರು ಕೊಟ್ಟ ಫೈಲ್ ಹೆಸರನ್ನೇ ಇಟ್ಟು ಡಿಸ್ಕಿಗೆ ಬರೆಯಬೇಡಿ. ಹೆಸರಿನೊಳಗೆ ಎರಡು ಚುಕ್ಕಿ, ಓರೆಗೆರೆ ಇಟ್ಟು ಬೇರೆ ಫೋಲ್ಡರಿಗೆ ನುಗ್ಗಿಸಬಹುದು. ಕನ್ನಡದ ಉದ್ದ ಹೆಸರಾದರೆ ಇನ್ನೊಂದು ಪೇಚು: ಲಿನಕ್ಸ್‌ನ ಇಎಕ್ಸ್‌ಟಿ4ರಲ್ಲಿ ಫೈಲ್ ಹೆಸರಿಗೆ 255 ಬೈಟ್, ಅಂದರೆ ಕನ್ನಡದ 85 ಚಿಹ್ನೆ. ಮಾರ್ಚ್ ತಿಂಗಳ ಪರಿಷ್ಕೃತ ಅಂತಿಮ ದರಪಟ್ಟಿ ಎಂದು ಶುರುಮಾಡಿ ಇನ್ನೂ ಉದ್ದಕ್ಕೆ ಹೆಸರಿಡುತ್ತಾ ಹೋಗುವವರು ಅದನ್ನು ದಾಟಬಹುದು. ಡಿಸ್ಕಿನಲ್ಲಿ ಯುಐಡಿಯ ಹೆಸರು, ನಿಜ ಹೆಸರು ಡೇಟಾಬೇಸ್‌ನಲ್ಲಿ.

ಜಾವಾದಲ್ಲಿ ‘ಜಾವಾಮೇಲ್’ ಲೈಬ್ರರಿ ಬಳಸುವವರಿಗೆ ಒಂದು ಮಾತು. ‘ಐಮ್ಯಾಪ್ಸ್’ ಪ್ರೋಟೊಕಾಲ್ ಬಳಸುವಾಗ ಸೆಟ್ಟಿಂಗ್‌ಗಳ ಹೆಸರಿನಲ್ಲೂ ‘ಐಮ್ಯಾಪ್ಸ್’ ಎಂದೇ ಇರಬೇಕು. ಕೊನೆಯ ‘ಎಸ್’ ಬಿಟ್ಟು ಬರೆದ ಟೈಮ್‌ಔಟನ್ನು ಅದು ಓದುವುದೇ ಇಲ್ಲ, ಹೇಳದಿದ್ದರೆ ಟೈಮ್‌ಔಟ್ ಅನಂತ. ಅಟ್ಯಾಚ್‌ಮೆಂಟನ್ನು ಅದು 16 ಕೆಬಿ ತುಂಡುಗಳಲ್ಲಿ ತರುತ್ತದೆ: 10 ಎಂಬಿಗೆ 640 ಸಲ ಓಡಾಟ, ಒಂದಕ್ಕೆ 50 ಮಿಲಿಸೆಕೆಂಡ್ ಎಂದರೂ 32 ಸೆಕೆಂಡು. ಫೆಚ್ ಸೈಜ್ ಹೆಚ್ಚಿಸಿ. ಪಿಎಚ್‌ಪಿಯಲ್ಲಿ ಐಮ್ಯಾಪ್ ಎಕ್ಸ್‌ಟೆನ್ಷನ್ 8.4ರಿಂದ ಜೊತೆಗೆ ಬರುವುದಿಲ್ಲ, ಹೋಸ್ಟಿಂಗ್‌ನವರು ಆವೃತ್ತಿ ಏರಿಸಿದ ದಿನ ಹಳೆಯ ಕೋಡ್ ನಿಲ್ಲುತ್ತದೆ. ಐಮ್ಯಾಪ್ ಬದಲು ಪಾಪ್3 ಎಂಬ ಹಳೆಯ ನಿಯಮಾವಳಿ ಬಳಸುವವರು ಡಿಲೀಟ್ ಆಜ್ಞೆ ‘ಕ್ವಿಟ್’ ಹೇಳಿದ ಮೇಲಷ್ಟೇ ಜಾರಿಯಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ನಡುವೆ ಸಂಪರ್ಕ ಕಡಿದರೆ ಎಲ್ಲವೂ ಮತ್ತೆ ಬರುತ್ತದೆ, ಎರಡೆರಡು ಸಲ ಇಳಿಯದಂತೆ ಪ್ರತಿ ಮೇಲ್‌ನ ಗುರುತು ಕೊಡುವ ‘ಯುಐಡಿಎಲ್’ ಆಜ್ಞೆ ಬಳಸಿ.

ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡಿಸುವಾಗ ಲಾಕ್ ಫೈಲ್ ಇರಲಿ, ಹಿಂದಿನದು ಮುಗಿಯದೆ ಹೊಸದು ಶುರುವಾಗಬಾರದು. ಕೂಡಲೇ ಬೇಕೆನ್ನುವವರಿಗೆ ಹೊಸ ಮೇಲ್ ಬಂದಾಗ ಸರ್ವರೇ ತಿಳಿಸುವ ‘ಐಡಲ್’ ಇದೆ, ಪೈಥಾನ್ 3.14ರಿಂದ ಐಮ್ಯಾಪ್‌ಲಿಬ್‌ನಲ್ಲೇ ಸಿಗುತ್ತದೆ. ಆದರೆ 29 ನಿಮಿಷ ಆಗುವ ಮೊದಲು ಅದನ್ನು ನಿಲ್ಲಿಸಿ ಮತ್ತೆ ಹಾಕಬೇಕು, ಇಲ್ಲದಿದ್ದರೆ ಸರ್ವರ್ ನಮ್ಮನ್ನು ಸತ್ತವರೆಂದು ಎಣಿಸಿ ಸಂಪರ್ಕ ಕಡಿಯಬಹುದು.

ಕೊನೆಯದು ತಮ್ಮ ಅಚ್ಚಿನ ಮನೆಗೆ. ಲೇಖನದ ಕೋಡ್‌ನಲ್ಲಿ ನೇರ ಉದ್ಧರಣ ಚಿಹ್ನೆಗಳೆಲ್ಲ ಬಾಗಿದ ಚಿಹ್ನೆಗಳಾಗಿವೆ, ‘ಫಾರ್’ ಸಾಲಿನ ಕೆಳಗಿನ ಸಾಲುಗಳ ಎಡಗಡೆಯ ಖಾಲಿ ಜಾಗ ಕಾಲಂಗೆ ಹೊಂದಿಸುವಾಗ ಹಾರಿಹೋಗಿದೆ. ಪೈಥಾನ್‌ಗೆ ಈ ಎರಡೂ ಸಿಂಟ್ಯಾಕ್ಸ್ ಎರರ್. ತಿದ್ದುಪಡಿ ಹಾಕುವುದಾದರೆ ಕೋಡನ್ನು ಪಠ್ಯವಾಗಿ ಜೋಡಿಸದೆ ಚಿತ್ರವಾಗಿ ಹಾಕಿ, ನಾಲ್ಕು ಸ್ಪೇಸ್ ಉಳಿಯುತ್ತದೆ.

ಇತಿ,
ಓರ್ವ ಪ್ರೋಗ್ರಾಮರ್, ಕೊಡಿಯಾಲ್‌ಬೈಲ್, ಮಂಗಳೂರು